ಹಿಟ್ಟು ಉಬ್ಬಿಸುವ ಕೈ

ಪಳ್ಳತ್ತೂರು,
೧೦ ಜನವರಿ ೧೯೮೬, ಶುಕ್ರವಾರ

ನನ್ನ ಮುದ್ದು ತಂಗಿ ಪೂಮಯಿಲಿಗೆ,

ಅಕ್ಕ ಪಂಚವರ್ಣಂ ಮನಸ್ಸು ತುಂಬಿ ಮಾಡುವ ಆಶೀರ್ವಾದ. ಇಲ್ಲಿ ನಾವೆಲ್ಲ ಕ್ಷೇಮ. ‘ನಾವೆಲ್ಲ’ ಎಂದು ರೂಢಿಯಿಂದ ಬರೆದೆ. ನೀನು ಹೋದ ಮೇಲೆ ಈ ಮನೆಯಲ್ಲಿ ನಾವು ಎಂದರೆ ನಾನೂ ಒರಳುಕಲ್ಲೂ ಅಷ್ಟೆ. ನೀನೂ ನಿನ್ನ ಯಜಮಾನರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಮದುವೆಯಾಗಿ ಏಳು ತಿಂಗಳಾಗುತ್ತ ಬಂತು. ಮೂವತ್ತಾರಕ್ಕೆ ಮದುವೆಯಾದವಳ ಹತ್ತಿರ ಏನಾದರೂ ವಿಶೇಷ ಉಂಟೇ ಎಂದು ಜನ ಕೇಳುತ್ತಾರೆ, ನಾನು ಕೇಳುವುದಿಲ್ಲ. ನಿನ್ನ ಮನಸ್ಸು ನೋಯಿಸುವುದು ನನಗೆ ಬೇಡ.

ನಿನ್ನ ಪತ್ರ ನಿನ್ನೆ ಬಂತು. ಪುದುಕೋಟ್ಟೆ ಬಸ್ ಸ್ಟ್ಯಾಂಡಿನ ಎದುರು ಪಣಿಯಾರದ ಅಂಗಡಿ ಇಡುತ್ತೀಯಂತೆ. ಜಾಗ ಗೊತ್ತು ಮಾಡಿ ಆಯಿತಂತೆ. ನಿನ್ನ ಗಂಡ ಸೋಲೈಮಲೈ ತನ್ನ ಎರಡು ಹೊಲಿಗೆ ಮೆಷಿನುಗಳಲ್ಲಿ ಒಂದನ್ನು ಮಾರುವುದಕ್ಕೂ ಒಪ್ಪಿದ್ದಾನಂತೆ. ನಿನ್ನ ಹೆಸರಿನ ಬೋರ್ಡು ಬೇರೆ ಬರೆಯಲು ಕೊಟ್ಟಿದ್ದೀಯ. ಪೊಂಗಲ್ ಕಳೆದ ಮೇಲೆ ಒಲೆ ಹಚ್ಚುವುದು, ಅದಕ್ಕೆ ಅಮ್ಮನ ಗುಳಿಹಂಚು ಕಳಿಸಿಕೊಡು ಎಂದು ಬರೆದಿದ್ದೀಯ. ಎಲ್ಲ ಬರೆದು ಕೊನೆಗೆ, ‘ಅಕ್ಕಾ, ನಂಗೆ ಓದು ಬರಹ ಅಷ್ಟಕ್ಕಷ್ಟೇ, ರೂಪ ಇಲ್ಲ, ಬೇರೆ ಕೆಲಸ ಗೊತ್ತಿಲ್ಲ. ನನ್ನ ಕೈ ಒಂದನ್ನೇ ನಂಬ್ಕೊಂಡು ಇಳೀತಿದ್ದೀನಿ. ನೀನು ಹೂಂ ಅಂದ್ರೆ ಸಾಕು, ನೀನು ಅನ್ನದೆ ನಂಗೆ ಧೈರ್ಯ ಬರಲ್ಲ’ ಎಂದಿದ್ದೀಯಲ್ಲ, ಅಲ್ಲಿಗೆ ಬಂದಾಗ ನನಗೆ ಮೊದಲು ನಗು ಬಂತು. ಆಮೇಲೆ ಪಾಪ ಅನ್ನಿಸಿತು. ಹೂಂ ಅನ್ನಲೋ ಊಹೂಂ ಅನ್ನಲೋ ಎಂದು ಒಲೆಯ ಮುಂದೆ ಕೂತು ತುಂಬ ಯೋಚಿಸಿದೆ. ಒಡಹುಟ್ಟಿದವಳು ನಿಜ ಹೇಳದಿದ್ದರೆ ಇನ್ನು ಯಾರು ಹೇಳಬೇಕು?

ಮೊದಲು ಇಲ್ಲಿಯ ಸಮಾಚಾರ ಹೇಳಿಬಿಡುತ್ತೇನೆ, ಇಲ್ಲವಾದರೆ ನೀನು ಸುಮ್ಮನೆ ಚಿಂತೆ ಮಾಡುತ್ತೀಯ. ‘ನಾನಿಲ್ಲದೆ ಹಿಟ್ಟು ಹೇಗೆ ಬರ್ತಿದೆ ಅಕ್ಕ’ ಎಂದು ಕೇಳಿದ್ದೀಯ. ಚೆನ್ನಾಗಿಯೇ ಬರುತ್ತಿದೆ. ಮಾರ್ಗಳಿ ಚಳಿಗೆ ಎಲ್ಲರ ಮನೆಯ ಹಿಟ್ಟೂ ಸ್ವಲ್ಪ ಸೋಮಾರಿಯಾಗುತ್ತದೆ, ನಮ್ಮದೂ ಹಾಗೆಯೇ. ಮರಿಗೆಯನ್ನು ಕಂಬಳಿಯಲ್ಲಿ ಸುತ್ತಿ ಒಲೆಯ ಪಕ್ಕ ಇಡುತ್ತೇನೆ. ಮೆಂತ್ಯ ಒಂದು ಹಿಡಿ ಜಾಸ್ತಿ ಹಾಕುತ್ತೇನೆ. ದೊಡ್ಡಮನೆಯ ಯಜಮಾನಿ ಉಮೈಯಾಳ್ ಆಚಿ ಮಾತ್ರ ಕಾರ್ತಿಕ ದೀಪದ ದಿನ ಕಳಿಸಿದ ಪಣಿಯಾರವನ್ನು ಬುಟ್ಟಿ ಸಮೇತ ವಾಪಸು ಕಳಿಸಿದರು. ಹಿಂದೆಯೇ ಅವರೂ ಜಗಲಿಗೆ ಬಂದು, ಬೀದಿಯವರೆಲ್ಲ ಕೇಳುವ ಹಾಗೆ, “ಏನೇ ಪಂಚವರ್ಣಂ, ಇದು ತಿನ್ನೋಕಾ ಇಲ್ಲ ಮೊಮ್ಮಕ್ಕಳು ಗೋಲಿ ಆಡೋಕಾ? ನಿನ್ನ ತಂಗಿ ಎಲ್ಲಿ ಸತ್ಲು?” ಎಂದರು. ಅವರಿಗೆ ಹೋದ ವರ್ಷ ಕಟ್ಟಿಸಿಕೊಂಡ ಹಲ್ಲು ಸರಿಯಾಗಿ ಕೂತಿಲ್ಲ. ಅಂಥ ಬಾಯಿಗೆ ಬೆಣ್ಣೆಯೂ ಗೋಲಿಯೇ. ನಾನು ನಕ್ಕು ಬುಟ್ಟಿಯನ್ನು ಒಳಗಿಟ್ಟೆ.

ರಾಕ್ಕಾಯಿ ಈಗಲೂ ಇಲ್ಲಿಯೇ ರುಬ್ಬುವುದಕ್ಕೆ ಬರುತ್ತಾಳೆ, ಆದರೆ ನಾಲ್ಕು ದಿನದಿಂದ ರಜ. ಅವಳು ಊರ ತುಂಬ ನನ್ನ ಮೇಲೆ ಚಾಡಿ ಹೇಳಿಕೊಂಡು ತಿರುಗುತ್ತಿರುವುದರಿಂದ ನಿನ್ನ ಕಿವಿಗೂ ಬೀಳಬಹುದು. ನಡೆದದ್ದು ಇಷ್ಟೆ. ಉಪ್ಪು ಹಾಕಿ ಹಿಟ್ಟು ಕಲಸುವ ಕೆಲಸವನ್ನು ಅವಳಿಗೆ ಕೊಟ್ಟಿದ್ದೆ. ಅವಳ ಕೈ ಮುಟ್ಟಿದರೆ ಹೆಣದ ಹಾಗೆ ತಣ್ಣಗೆ. “ಬಿಸಿ ಮಾಡ್ಕೊಳ್ಳೇ” ಎಂದು ಒಲೆಯ ಮೇಲಿನ ನೀರಿನ ಚೊಂಬನ್ನು ಮುಂದಿಟ್ಟೆ. ಅವಳು ಕೈ ಅದ್ದಿ ತಕ್ಷಣ ಎಳೆದುಕೊಂಡಳು. ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದು ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ, ಅಷ್ಟೆ. ನೀರು ಕುದಿಯುತ್ತಿರಲಿಲ್ಲ. ಆಮೇಲೆ ಅದೇ ಕೈಯನ್ನು ಉಪ್ಪಿನ ಹಿಟ್ಟಿಗೆ ಹಾಕಿದ್ದಕ್ಕೆ ಏನು ಅರಚಾಟ, ಏನು ರಂಪ. “ನಿಮ್ಮ ತಂಗಿ ಕೈ ಬೇಕಾದ್ರೆ ಅವಳನ್ನೇ ಕರ್ಕೊಂಡು ಬನ್ನಿ ಅಕ್ಕ, ನನ್ನ ಕೈ ಯಾಕೆ ಬೇಯಿಸ್ತೀರಿ” ಎಂದು ಅಂಗಳದಲ್ಲಿ ನಿಂತು ಕೂಗಿದಳು. ಬೊಬ್ಬೆ ಎದ್ದ ಕೈಯನ್ನು ಈಗ ಮನೆಮನೆಗೆ ಹೋಗಿ ತೋರಿಸುತ್ತಿದ್ದಾಳೆ. ಇಂಥವರನ್ನು ಇಟ್ಟುಕೊಂಡು ನಾನು ಏಗಬೇಕು.

ಇನ್ನು ನಿನ್ನ ಕೈಯ ವಿಷಯ.

ನಿನಗೆ ದೇವಕೋಟ್ಟೆಯಿಂದ ಗಂಡು ಬಂದಿದ್ದು ನೆನಪಿದೆಯೇ? ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ, ಸಣ್ಣ ಮೀಸೆಯ ಹುಡುಗ. ನೀನು ಆಗ ಇಪ್ಪತ್ತರವಳು, ಹಸಿರು ಸೀರೆ ಉಟ್ಟು ತಟ್ಟೆ ಹಿಡಿದು ಬಂದೆ. ಅವನು ನಿನ್ನ ಮುಖದ ಸಿಡುಬಿನ ಕಲೆಗಳನ್ನು ಒಂದು ಸಲ ನೋಡಿದ, ಆಮೇಲೆ ತಲೆ ತಗ್ಗಿಸಿ ಪಣಿಯಾರ ತಿನ್ನತೊಡಗಿದ. ಎರಡು ತಟ್ಟೆ ತಿಂದ. ಕೆಂಪು ಚಟ್ನಿ ಇನ್ನೂ ಸ್ವಲ್ಪ ಹಾಕಿಸಿಕೊಂಡ. ಕೈ ತೊಳೆದು ಹೋದವನು ತಿರುಗಿ ನೋಡಲಿಲ್ಲ. ನೀನು ಹಿತ್ತಿಲ ಬಾವಿಯ ಕಟ್ಟೆಯ ಮೇಲೆ ಕೂತು ಮೂರು ಹೊತ್ತು ಅತ್ತೆ. ಬಾವಿ ಹತ್ತಿರ ಕೂತಿದ್ದೀಯಲ್ಲ ಎಂದು ಅಮ್ಮನಿಗೆ ಜೀವ ಹಾರಿಹೋಗಿತ್ತು. ಅವಳು ನಿನ್ನ ಕೈ ಹಿಡಿದು ಎಬ್ಬಿಸಿ ಏನು ಹೇಳಿದಳು ಎಂದು ನಿನಗೆ ಚೆನ್ನಾಗಿ ಗೊತ್ತು. “ಮುಖದಲ್ಲಿ ಏನಿದ್ಯೇ ಹುಚ್ಚಿ? ನಿನ್ನ ಕೈ ನೋಡು, ಈ ಕೈ ಬಿದ್ರೆ ಹಿಟ್ಟು ಹೆಂಗೆ ಏಳುತ್ತೆ ನೋಡು. ಇಂಥ ಕೈ ಈ ಚೆಟ್ಟಿನಾಡಲ್ಲಿ ಇನ್ನೊಂದು ತೋರ್ಸು.”

ನೀನು ಮೂಗು ಒರೆಸಿಕೊಂಡು ಒಳಗೆ ಬಂದೆ. ಅಮ್ಮ ಹಿಂದೆ ಬಂದಳು. ನಡುಮನೆಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ ಅವಳು ಕಣ್ಣು ಮಿಟುಕಿಸಿದ್ದನ್ನು ನೀನು ನೋಡಲಿಲ್ಲ. ಅಳುವ ಮಗುವಿನ ಕೈಗೆ ಗಿಲಕಿ ಕೊಡುತ್ತೇವಲ್ಲ, ಹಾಗೆ ಆ ಮಾತನ್ನು ನಿನ್ನ ಕೈಗೆ ಕೊಟ್ಟಿದ್ದು. ನೀನು ಅದನ್ನು ಬಿಗಿಯಾಗಿ ಹಿಡಿದುಕೊಂಡೆ. ನಾವೂ ಪಾಪ ಎಂದು ಬಿಡಿಸಿಕೊಳ್ಳಲಿಲ್ಲ. ಬಂದ ಆಚಿಗಳ ಮುಂದೆಲ್ಲ ಅಮ್ಮ ಅದನ್ನೇ ಹೇಳಿದಳು, ಅವರೂ ಅದನ್ನೇ ನಂಬಿದರು. ಆಮೇಲೆ ಮದುವೆ ಮನೆಗಳಲ್ಲಿ ಹಿಟ್ಟು ಕಲಸುವ ಹೊತ್ತಿಗೆ ನಿನ್ನನ್ನು ಕೂಗಿ ಕರೆಯುವುದು, ಕೈಗೆ ಅರಿಶಿನ ಹಚ್ಚುವುದು, ಬೆಳಿಗ್ಗೆ ಮನೆಯ ಹಿರಿಯಾಕೆ ಬಂದು ಮುಚ್ಚಳ ತೆಗೆದು ಹಿಟ್ಟು ಅಂಚಿಗೆ ಬಂದಿದೆಯೇ ಎಂದು ನೋಡಿ ನಾಲಿಗೆ ಹೊರಳಿಸಿ ಕುಲವೆ ಹಾಕುವುದು, ಏನೇನೋ ಶುರುವಾಯಿತು. ನನಗೆ ಒಳಗೊಳಗೇ ನಗು. ರಾತ್ರಿಯಿಡೀ ರುಬ್ಬುವವಳು ನಾನು, ಬೆಂಕಿಯ ಮುಂದೆ ಕೂತು ಒಂದೊಂದೇ ಪಣಿಯಾರ ಕಡ್ಡಿಯಿಂದ ತಿರುವಿ ಹಾಕುವವಳು ನಾನು, ಅರಿಶಿನ ಮಾತ್ರ ನಿನ್ನ ಕೈಗೆ.

ಹಾಗಾದರೆ ಹಿಟ್ಟು ಯಾಕೆ ಏಳುತ್ತಿತ್ತು ಎಂದು ಕೇಳುತ್ತೀಯ. ಅದು ನಮ್ಮ ಕಲ್ಲಿನ ಮರಿಗೆ. ಅಜ್ಜಿಯ ಕಾಲದಿಂದ ಹಿಟ್ಟು ಕುಡಿದ ಕಲ್ಲು, ಅದರ ಮೈಯೊಳಗೇ ಹುಳಿ ಕೂತಿದೆ. ಅದರಲ್ಲಿ ಯಾರು ಕಲಸಿದರೂ ಏಳುತ್ತದೆ. ಮರಿಗೆ ಇಲ್ಲೇ ಇದೆಯಲ್ಲ, ಈಗ ಯಾಕೆ ಏಳುವುದಿಲ್ಲ ಎಂದು ನಿನ್ನ ತಲೆಗೆ ಬಂದರೂ ಬಂದೀತು. ಏಳುವುದಿಲ್ಲ ಎಂದು ನಾನೆಲ್ಲಿ ಬರೆದೆ? ತಡವಾಗುತ್ತದೆ ಎಂದೆ. ಎರಡೂ ಬೇರೆ ಬೇರೆ.

ನಿನಗೆ ಕೋಪ ಬರುತ್ತಿರಬಹುದು. ಕೋಪ ಮಾಡಿಕೊಳ್ಳುವ ಮೊದಲು ಬಸ್ ಸ್ಟ್ಯಾಂಡಿನ ಎದುರು ಒಂದು ಸಲ ನಿನ್ನನ್ನು ನೀನೇ ನಿಲ್ಲಿಸಿಕೊಂಡು ನೋಡು. ಇಲ್ಲಿ ನೀನು ಅಡುಗೆಮನೆಯ ಕತ್ತಲಲ್ಲಿದ್ದೆ, ಪಣಿಯಾರ ಮಾತ್ರ ಹೊರಗೆ ಹೋಗುತ್ತಿತ್ತು. ಅಲ್ಲಿ ಬಸ್ಸಿಗೆ ಕಾಯುವವನು ನಿನ್ನ ಕೈ ನೋಡುವುದಿಲ್ಲ ಕಣೇ, ಮುಖ ನೋಡುತ್ತಾನೆ. ನೋಡಿ ಪಕ್ಕದ ಬೋಂಡಾ ಅಂಗಡಿಗೆ ಹೋಗುತ್ತಾನೆ. ಇಷ್ಟನ್ನು ಹೊರಗಿನವರು ಹೇಳಿದರೆ ನಿನಗೆ ನೋವಾಗುತ್ತದೆ, ಅದಕ್ಕೇ ನಾನು ಹೇಳುತ್ತಿದ್ದೇನೆ. ಅದೂ ಅಲ್ಲದೆ ಪುದುಕೋಟ್ಟೆಯ ನೀರು ಉಪ್ಪು. ಹೊಸ ಸ್ಟೀಲಿನ ಪಾತ್ರೆ. ಬಾಡಿಗೆ ಮನೆಯ ಒಲೆ. ಮೊದಲನೇ ದಿನ ಬೆಳಿಗ್ಗೆ ಎದ್ದು ಮುಚ್ಚಳ ತೆಗೆದಾಗ ಹಿಟ್ಟು ರಾತ್ರಿ ಎಲ್ಲಿತ್ತೋ ಅಲ್ಲಿಯೇ ಇದ್ದರೆ ಏನು ಮಾಡುತ್ತೀಯ? ಕಲಸಿಟ್ಟ ಸುಣ್ಣದ ಹಾಗೆ, ಒಂದು ಗುಳ್ಳೆ ಇಲ್ಲದೆ, ತಟ್ಟಿದರೂ ಅಲುಗದೆ ಬಿದ್ದಿರುತ್ತದಲ್ಲ, ಅದನ್ನು ನೀನು ಒಂದು ದಿನವೂ ನೋಡಿಲ್ಲ. ಕೈಯನ್ನು ಮೂಸಿ ನೋಡುತ್ತೇವೆ, ನನ್ನ ಕೈಯಲ್ಲೇ ಏನೋ ಸತ್ತಿದೆಯೇನೋ ಎಂದು. ನಿನಗೆ ಅಂಥ ಬೆಳಗು ಬರುವುದು ಬೇಡ.

ನಿನ್ನ ಗಂಡನ ಮೆಷಿನ್ ವಿಷಯವೂ ನನಗೆ ಸರಿ ಕಾಣುವುದಿಲ್ಲ. ಸಾಧು ಮನುಷ್ಯ. ಮೊದಲ ಹೆಂಡತಿ ಸತ್ತು ಮನೆಯಲ್ಲಿ ಒಂದು ಲೋಟ ಕಾಫಿ ಕೊಡುವವರಿಲ್ಲ ಎಂದು ನಿನ್ನನ್ನು ಕಟ್ಟಿಕೊಂಡ. ನಿನ್ನಲ್ಲಿ ಬೇರೇನಾದರೂ ನೋಡಿ ಬಂದ ಎಂದು ನೀನು ಅಂದುಕೊಂಡಿದ್ದರೆ ಆ ಸುಖವನ್ನು ನಾನು ಕಸಿಯುವುದಿಲ್ಲ. ಆದರೆ ಹೊಟ್ಟೆಗೆ ಹಾಕುವ ಮೆಷಿನನ್ನು ನಿನ್ನ ಕೈಯ ಮೇಲಿನ ಒಂದು ಮಾತಿಗಾಗಿ ಮಾರಿಸಿ, ನಾಳೆ ಹಿಟ್ಟು ಏಳದೆ ಹೋದರೆ, ಅವನು ನಿನ್ನ ಮುಖ ನೋಡುವುದು ಹೇಗೆ? ಈಗಲೇ ಕಷ್ಟಪಟ್ಟು ನೋಡುತ್ತಿರಬೇಕು.

ಹೀಗೆಲ್ಲ ಬರೆಯುತ್ತೇನೆಂದು ನನಗೆ ನಿನ್ನ ಮೇಲೆ ಪ್ರೀತಿ ಇಲ್ಲ ಎಂದುಕೊಳ್ಳಬೇಡ. ನೀನು ಹೋದ ದಿನ ನನಗೆ ಹೊಟ್ಟೆ ಉರಿಯಿತು. ಉರಿದದ್ದನ್ನು ಉರಿಯಿತು ಎಂದೇ ಬರೆಯುತ್ತೇನೆ. ನೀನು ಮಾಲೆಯ ಹೂವನ್ನೂ ತೆಗೆಯದೆ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಅವನು ಏನೋ ಹೇಳಿದ, ನೀನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ. ಹದಿನೈದು ವರ್ಷ ಒಂದೇ ಒಲೆಯ ಮುಂದೆ ಕೂತರೂ ಆ ನಗುವನ್ನು ನಾನು ನೋಡಿರಲಿಲ್ಲ. ಕೈಯೆತ್ತಿ ನಿಂತಿದ್ದ ನನ್ನ ಕಡೆ ನೀನು ತಿರುಗುವ ಮೊದಲೇ ಬಸ್ಸು ಹೊರಟಿತು. ನನ್ನ ಗಂಡ ಮದುವೆಯಾದ ಎರಡನೇ ವರ್ಷ ಮಲೇಯಾಕ್ಕೆ ಹೋದವನು ಬರಲೇ ಇಲ್ಲ. ನಾನು ಯಾರನ್ನಾದರೂ ಬಿಟ್ಟು ಹೋದೆನೆ? ಅಮ್ಮ ಹಾಸಿಗೆ ಹಿಡಿದಾಗ, “ಪಂಚವರ್ಣಂ, ಪೂಮಯಿಲ್ ಇರೋ ತನಕ ಈ ಮನೆ ಒಲೆ ಆರಲ್ಲ” ಎಂದು ನನ್ನ ಮುಂದೆಯೇ ಹೇಳಿದಳು. ಅವಳ ಮಲ ಎತ್ತಿದವಳು ನಾನು. ಆಗಲೂ ಅವಳ ಬಾಯಲ್ಲಿ ನಿನ್ನ ಹೆಸರು. ಗಿಲಕಿ ಕೊಟ್ಟವಳೇ ಅದನ್ನು ನಿಜವೆಂದು ನಂಬಿ ಸತ್ತಳು, ಏನು ಹೇಳಲಿ.

ಗುಳಿಹಂಚನ್ನು ಕಳಿಸುವುದಿಲ್ಲ. ಎಣ್ಣೆ ಕುಡಿದು ಕಪ್ಪಗೆ ಮಿನುಗುವ ಆ ಹಂಚಿನಲ್ಲಿ ಒಂದು ಗುಳಿಯಲ್ಲೂ ಹಿಟ್ಟು ಅಂಟುವುದಿಲ್ಲ ಎಂದು ನಿನಗೇ ಗೊತ್ತು. ಅದು ಅಮ್ಮನಿಂದ ಹಿರಿಮಗಳಿಗೆ ಬಂದದ್ದು, ಬಸ್ ಸ್ಟ್ಯಾಂಡಿನ ಧೂಳಿಗೆ ಇಡುವುದಕ್ಕಲ್ಲ. ನಿನಗೆ ಬೇಕೇ ಬೇಕು ಎನ್ನಿಸಿದರೆ ಪೇಟೆಯಲ್ಲಿ ಅಲ್ಯೂಮಿನಿಯಂ ಹಂಚು ಸಿಗುತ್ತದೆ. ಮನೆಯಲ್ಲಿ ಗಂಡನಿಗೆ ಮಾಡಿ ಹಾಕುವುದಕ್ಕೆ ಅದು ಸಾಕು. ಸಣ್ಣ ಈರುಳ್ಳಿಯನ್ನು ಚೆನ್ನಾಗಿ ಬಾಡಿಸು, ಕಡಲೆಬೇಳೆ ಕೆಂಪಗಾಗುವ ತನಕ ಬಿಡು, ಒಗ್ಗರಣೆ ಆರಿದ ಮೇಲೆ ಹಿಟ್ಟಿಗೆ ಸೇರಿಸು. ನೀನು ಯಾವಾಗಲೂ ಬಿಸಿ ಬಿಸಿಯಾಗಿಯೇ ಸುರಿಯುತ್ತಿದ್ದೆ, ನಾನು ಹಿಂದಿನಿಂದ ಬೈಯುತ್ತಿದ್ದೆ.

ಇಷ್ಟು ಓದಿದ ಮೇಲೆ ನೀನು ಅಳುತ್ತಿರುತ್ತೀಯ. ಅತ್ತು ಮುಗಿಸು. ನಿನ್ನ ಕೈಯಲ್ಲಿ ಏನೂ ಇಲ್ಲ ಎಂದು ತಿಳಿದುಕೊಂಡು ಬದುಕುವುದೂ ಒಂದು ನೆಮ್ಮದಿಯೇ. ನನ್ನ ಕೈಯಲ್ಲೂ ಏನೂ ಇಲ್ಲ, ನಾನು ಬದುಕಿಲ್ಲವೇ? ಬೋರ್ಡು ಬರೆಯುವವನಿಗೆ ಬೇಡ ಎಂದು ಹೇಳಿ ಕಳಿಸು. ಹಬ್ಬಕ್ಕೆ ಹೊಸ ಸೀರೆ ಉಡು, ಗಂಡನಿಗೆ ಸಕ್ಕರೆ ಪೊಂಗಲ್ ಮಾಡಿಕೊಡು, ತುಪ್ಪ ಕಮ್ಮಿ ಹಾಕು, ನಿನಗೆ ಈಗಲೇ ಮೈ ಬಂದಿದೆಯಂತೆ. ಯಾರು ಹೇಳಿದರು ಎಂದು ಕೇಳಬೇಡ. ನಿನ್ನ ಒಳ್ಳೆಯದನ್ನು ಬಯಸುವವರು ಈ ಭೂಮಿಯ ಮೇಲೆ ನಾನೊಬ್ಬಳೇ ಉಳಿದಿದ್ದೇನೆ ಎನ್ನುವುದನ್ನು ಮಾತ್ರ ಮರೆಯಬೇಡ.

ಸದಾ ನಿನ್ನ ನೆನಪಿನಲ್ಲಿರುವ,
ನಿನ್ನ ಅಕ್ಕ
ಪಂಚವರ್ಣಂ

ಮರೆತಿದ್ದೆ: ಕಳೆದ ಭಾನುವಾರ ಸೋಲೈಮಲೈ ಇಲ್ಲಿಗೆ ಬಂದಿದ್ದ. ದಾರ ತರಲು ಮಧುರೆಗೆ ಹೋಗುತ್ತೇನೆ ಎಂದು ನಿನಗೆ ಹೇಳಿ ಬಂದಿದ್ದನಂತೆ. ಜಗಲಿಯ ತುದಿಯಲ್ಲಿ ಕೂತು ತುಂಬ ಹೊತ್ತು ಉಗುರು ಕಡಿದ. ಆಮೇಲೆ, “ಅಕ್ಕ, ತಪ್ಪು ತಿಳ್ಕೋಬೇಡಿ. ಅವಳ ಕೈಲಿ ಏನೋ ಇದೆ ಅಂತಾರಲ್ಲ, ಅದು ನಿಜಾನಾ? ಮೆಷಿನ್ ಮಾರೋಕೆ ಮುಂಚೆ ನಿಮ್ಮ ಬಾಯಿಂದ ಒಂದು ಮಾತು ಕೇಳೋಣ ಅಂತ ಬಂದೆ” ಎಂದ. ಮೇಲೆ ನಿನಗೆ ಬರೆದದ್ದನ್ನೆಲ್ಲ ಅವನಿಗೂ ಹೇಳಿದೆ. ಬಾವಿಕಟ್ಟೆಯ ವಿಷಯವನ್ನೂ ಹೇಳಿದೆ. ಕಾಫಿ ಪೂರ್ತಿ ಕುಡಿದು, “ನಾಳೆ ಬೆಳಿಗ್ಗೆನೇ ಜಾಗದವನಿಗೆ ಬೇಡ ಅಂದ್ಬಿಡ್ತೀನಿ ಅಕ್ಕ, ಅವಳಿಗೆ ಹೇಗೆ ಹೇಳೋದು ಅಂತಾನೇ ಗೊತ್ತಾಗ್ತಿಲ್ಲ” ಎಂದು ಹೋದ. ಮಾತಿಗೆ ತಪ್ಪುವವನಲ್ಲ, ಸೋಮವಾರವೇ ಹೇಳಿರುತ್ತಾನೆ. ನಿನಗೆ ಇನ್ನೂ ಹೇಳಿಲ್ಲ ಎಂದು ನಿನ್ನ ಪತ್ರ ನೋಡಿದ ಮೇಲೆಯೇ ನನಗೆ ಗೊತ್ತಾದದ್ದು. ಅಂಗಡಿ ಇಲ್ಲ ಕಣೇ. ಆದ್ದರಿಂದ ಹಬ್ಬ ಕಳೆದ ಮೇಲೆ ನಿನಗೆ ಬಿಡುವೇ ಬಿಡುವು. ಮುಂದಿನ ವಾರ ಗುರುವಾರ ಉಮೈಯಾಳ್ ಆಚಿಯ ಮೊಮ್ಮಗಳ ಮದುವೆ, ಪಣಿಯಾರ ನಮ್ಮದು. ಹಿಟ್ಟು ನಿನ್ನ ಕೈಯಲ್ಲೇ ಕಲಸಬೇಕು, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಆಚಿ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಈ ಒಂದು ಮನೆ ಕೈಬಿಟ್ಟರೆ ಇಲ್ಲಿಯ ಯಾವ ಮನೆಯೂ ನನ್ನನ್ನು ಕರೆಯುವುದಿಲ್ಲ. ನೀನು ಗಂಡನ ಮನೆ ಬಿಟ್ಟು ಇಲ್ಲಿಗೇ ವಾಪಸು ಬರುತ್ತಿದ್ದೀಯ ಎಂದು ಅವರಿಗೆ ಹೇಳಿಯಾಗಿದೆ, ಊರಿಗೆಲ್ಲ ಗೊತ್ತಾಗಿದೆ. ಬುಧವಾರ ಮೊದಲನೇ ಬಸ್ಸಿಗೆ ಬಾ. ಉಗುರು ಕತ್ತರಿಸಿಕೊಂಡು ಬಾ.